ಹೊಡೆದು ಬಂದ ಮಗ, ಹೊಡೆಸಿಕೊಂಡು ಬಂದ ಮಗ



ಸಂಜೆ ಐದರ ಹೊತ್ತಿಗೆ ಮಂಡ್ಯದ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಮದ್ದೂರಿನಲ್ಲಾದರೂ ಸರಿ, ಮಳವಳ್ಳಿಯಲ್ಲಾದರೂ ಸರಿ. ಶಾಲೆ ಬಿಟ್ಟ ಮಕ್ಕಳು ತಮ್ಮ ಹಳ್ಳಿಯ ಬಸ್ಸಿಗಾಗಿ ಕಾಯುತ್ತಿರುತ್ತಾರೆ. ನಗು, ತಳ್ಳಾಟ, ಅಡ್ಡಹೆಸರು ಹಿಡಿದು ಕೂಗಾಟ. ನೋಡುವವರಿಗೆ ಎಲ್ಲವೂ ಹುಡುಗಾಟವೇ. ಆದರೆ ಶಾಲೆಯ ಗಂಟೆ ಹೊಡೆದ ಮೇಲೆ ಮನೆಯ ಹೊಸ್ತಿಲು ತುಳಿಯುವವರೆಗಿನ ಆ ಸಮಯ ಮೇಷ್ಟರ ಕಣ್ಣಿಗೂ ಬೀಳುವುದಿಲ್ಲ, ನಮ್ಮ ಕಣ್ಣಿಗೂ ಬೀಳುವುದಿಲ್ಲ. ಪ್ರೌಢಶಾಲೆಯ ಮಕ್ಕಳ ಎಷ್ಟೋ ತೊಂದರೆಗಳು ಮೊಳೆಯುವುದು ಅಲ್ಲೇ.

ಅಪಾಯ ಎಂದರೆ ಯಾವುದು?

ವಿಶ್ವ ಆರೋಗ್ಯ ಸಂಸ್ಥೆಯು 2003ರಿಂದ ಹಲವು ದೇಶಗಳಲ್ಲಿ ಶಾಲಾ ಮಕ್ಕಳ ಸಮೀಕ್ಷೆ ನಡೆಸುತ್ತಾ ಬಂದಿದೆ. ಭಾರತದಲ್ಲಿ 2007ರಲ್ಲಿ ಕೇಂದ್ರೀಯ ಪಠ್ಯಕ್ರಮದ ಶಾಲೆಗಳಲ್ಲಿ ಇದು ನಡೆಯಿತು. ಮಕ್ಕಳು ಹೆಸರು ಬರೆಯದೆ ಉತ್ತರಿಸುತ್ತಾರೆ. ತಂಬಾಕು ಮುಟ್ಟಿದ್ದುಂಟೇ, ಹೊಡೆದಾಟಕ್ಕೆ ಇಳಿದದ್ದುಂಟೇ, ಯಾರಾದರೂ ಪೀಡಿಸಿದರೇ, ಒಂಟಿತನ ಕಾಡುತ್ತದೆಯೇ ಎಂದು ಅದರಲ್ಲಿ ಕೇಳುತ್ತಾರೆ. ಇವುಗಳ ಜೊತೆಗೆ ತಂದೆತಾಯಿಗಳ ಬಗ್ಗೆಯೂ ಪ್ರಶ್ನೆಗಳಿವೆ. ನಿನ್ನ ಕಷ್ಟ ಅವರಿಗೆ ಅರ್ಥವಾಗುತ್ತದೆಯೇ? ಬಿಡುವಿನಲ್ಲಿ ನೀನು ಏನು ಮಾಡುತ್ತೀ ಎಂಬುದು ಅವರಿಗೆ ಗೊತ್ತೇ? ಅಪಾಯವನ್ನು ಅಳೆಯಲು ಹೊರಟವರು ಮನೆಯ ಬಗ್ಗೆ ಏಕೆ ಕೇಳುತ್ತಾರೆ? ಮಗುವಿನ ಕಾವಲು ಇರುವುದು ಮನೆಯಲ್ಲೇ ಎಂಬ ಕಾರಣಕ್ಕೆ.

ನಮ್ಮ ಸುತ್ತಲಿನ ಅಪಾಯಗಳು

ಹದಿನಾಲ್ಕು ವರ್ಷದ ಹುಡುಗನ ಕೈಗೆ ಅಪ್ಪನ ಬೈಕಿನ ಕೀಲಿ ಸಿಗುತ್ತದೆ. ಹೆದ್ದಾರಿ ಬದಿಯ ಸರ್ವಿಸ್ ರಸ್ತೆಯಲ್ಲಿ ಮೂವರು ಏರಿ ಹೊರಡುತ್ತಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತನು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ಆದರೆ ದಂಡ ಕಟ್ಟಿದರೆ ಹೋದ ಕಾಲು ಬರುವುದಿಲ್ಲ.

ಇನ್ನೊಂದು ನೀರು. ವಿಶ್ವೇಶ್ವರಯ್ಯ ನಾಲೆ, ಮದ್ದೂರಿನ ಶಿಂಷಾ, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಾವೇರಿ ನಮಗೆ ಅನ್ನ ಕೊಡುವ ನೀರು ನಿಜ. ಆದರೆ ತುಂಬಿ ಹರಿಯುವ ನಾಲೆಯ ಜಾರುವ ದಡವನ್ನು ಈಜು ಬಲ್ಲವನೂ ಹತ್ತಲಾರ.

ಮೂರನೆಯದು ಅಂಗಡಿಯಲ್ಲಿ ತೂಗುಹಾಕಿರುವ ಚೀಟು. ಮಕ್ಕಳಿಗೆ ತಂಬಾಕು ಮಾರುವುದನ್ನೂ, ಶಾಲೆಯ ಹತ್ತಿರ ಮಾರುವುದನ್ನೂ ಕಾಯಿದೆ ನಿಷೇಧಿಸಿದೆ. ಹಾಗಿದ್ದೂ ಮಗನ ಕೈಯಲ್ಲಿ ಕಾಸು ಕೊಟ್ಟು ತನಗಾಗಿ ಬೀಡಿ ತರಿಸುವ ಅಪ್ಪ ಆ ದಾರಿಯನ್ನು ತಾನೇ ತೋರಿಸಿದಂತಾಯಿತು.

ಜಗಳ ಬೆಳೆಯುವ ಬಗೆ

ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಎಂದಿಟ್ಟುಕೊಳ್ಳಿ. ಅವನ ಬಣ್ಣವನ್ನು ಹಿಡಿದು ಒಂದು ಅಡ್ಡಹೆಸರು ಕಟ್ಟಿದ್ದಾರೆ. ತಿಂಗಳಾನುಗಟ್ಟಲೆ ನಕ್ಕು ಸುಮ್ಮನಿದ್ದಾನೆ. ಒಂದು ದಿನ ಹುಡುಗಿಯರ ಮುಂದೆ ಅದೇ ಹೆಸರು ಕೇಳಿಸುತ್ತದೆ. ಕೈ ಎತ್ತುತ್ತಾನೆ, ಎರಡೇಟು ತಿನ್ನುತ್ತಾನೆ. ಮನೆಗೆ ಬಂದರೆ ಅಪ್ಪ, “ಯಾಕ್ಲಾ, ನಿನ್ಗೆ ಕೈ ಇರ್ಲಿಲ್ವಾ?” ಎನ್ನುತ್ತಾನೆ. ಮರುದಿನ ಆ ಹುಡುಗನ ಚೀಲದಲ್ಲಿ ಲೆಕ್ಕದ ಕೈವಾರ ಬೇರೊಂದು ಕೆಲಸಕ್ಕೆ ಸಿದ್ಧವಾಗಿರುತ್ತದೆ. ಹಾಗೆ ಹೇಳಿದ ಅಪ್ಪನೇನೂ ಕೆಟ್ಟವನಲ್ಲ. ಮಗನ ನೋವನ್ನು ಕೇಳುವ ಬದಲು ತನ್ನ ಮಾನದ ಲೆಕ್ಕ ಕೇಳಿದ, ಅಷ್ಟೇ. ಆ ಒಂದು ಮಾತಿನಿಂದ ಎರಡು ಮನೆಗಳು ಪೊಲೀಸ್ ಠಾಣೆಯ ಬಾಗಿಲಲ್ಲಿ ನಿಲ್ಲಬಹುದು.

2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಅದು. 13ರಿಂದ 16 ವಯಸ್ಸಿನವರು ಒಬ್ಬರೇ ಆಡಿದಾಗಿಗಿಂತ ಗೆಳೆಯರು ಪಕ್ಕದಲ್ಲಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ “ನನ್ನ ಮಗ ಮನೆಯಲ್ಲಿ ಹಸುವಿನ ಹಾಗೆ” ಎಂದು ನೀವು ಹೇಳುವುದು ಸುಳ್ಳಲ್ಲ. ಗೆಳೆಯರು ನೋಡುತ್ತಿರುವಾಗ ಅವನು ಹೇಗಿರುತ್ತಾನೆ ಎಂಬುದನ್ನೂ ತಿಳಿಯಬೇಕು.

ಬೆತ್ತ ಉತ್ತರವೇ?

ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಮನೆಯಲ್ಲಿ? ಜಗಳವಾಡಬೇಡ ಎಂದು ಹೇಳುತ್ತಲೇ ಬಾರಿಸಿದರೆ, ಬಲವಿದ್ದವನೇ ಗೆಲ್ಲುತ್ತಾನೆ ಎಂಬ ಪಾಠವನ್ನೇ ಮಗು ಕಲಿಯುತ್ತದೆ.

ಸಂತ ಜಾನ್ ಬೋಸ್ಕೊ 1841ರಲ್ಲಿ ಗುರುದೀಕ್ಷೆ ಪಡೆದು ಟ್ಯುರಿನ್ ನಗರಕ್ಕೆ ಬಂದಾಗ ಅಲ್ಲಿನ ಸೆರೆಮನೆಗಳಲ್ಲಿ ಹರೆಯದ ಹುಡುಗರನ್ನು ಕಂಡರು. ಬಿಡುಗಡೆಯಾದವರು ಮತ್ತೆ ಅಲ್ಲಿಗೇ ಬರುತ್ತಿದ್ದರು. ಹೊರಗೆ ಅವರನ್ನು ವಿಚಾರಿಸುವವರು ಯಾರೂ ಇಲ್ಲ ಎಂಬುದು ಅವರಿಗೆ ಹೊಳೆಯಿತು. ಶಿಕ್ಷೆಗಿಂತ ಮುಂಚೆ ಸ್ನೇಹ, ತಪ್ಪಿಗಿಂತ ಮುಂಚೆ ಜೊತೆಗಾರಿಕೆ ಎಂಬ ಹಾದಿಯನ್ನು ಅವರು ಹಿಡಿದರು. ಆಟದ ಬಯಲನ್ನೂ ಅವರು ಪಾಠದ ಕೊಠಡಿಯಷ್ಟೇ ಮುಖ್ಯವೆಂದು ಭಾವಿಸಿದರು.

ಈ ವಾರದಿಂದಲೇ ಹೀಗೆ ಮಾಡಿ

1. ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಿ. ಅಂಕಗಳ ಮಾತಿಗೆ ಮೊದಲು “ಇವತ್ತು ಯಾರ ಜೊತೆ ಬಂದೆ?” ಎಂದು ಕೇಳಿ.

2. ಮಗ ಹೊಡೆಸಿಕೊಂಡು ಬಂದರೆ ಮೊದಲು ಗಾಯ ತೊಳೆಯಿರಿ, ಆಮೇಲೆ ಪೂರ್ತಿ ಕೇಳಿ. ಹೊಡೆದು ಬಂದರೂ ಪೂರ್ತಿ ಕೇಳಿ. ಮರುದಿನ ಅವನೊಡನೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಿ. ಎದುರು ಹುಡುಗನ ಮನೆಯ ಮುಂದೆ ಜನ ಕೂಡಿಸಿಕೊಂಡು ಹೋಗಬೇಡಿ.

3. ಹೆಣ್ಣುಮಗಳು “ಯಾರೋ ಹಿಂಬಾಲಿಸುತ್ತಾರೆ” ಎಂದರೆ ಶಾಲೆ ಬಿಡಿಸಬೇಡಿ. ತಪ್ಪು ಅವಳದಲ್ಲ. ಹಾಗೆಯೇ ಗಂಡುಮಗನಿಗೆ, ಹುಡುಗಿಯರನ್ನು ಚುಡಾಯಿಸುವುದು ಗಂಡಸುತನವಲ್ಲ ಎಂದು ಅಪ್ಪನೇ ಹೇಳಬೇಕು.

4. ಮಗು ಊಟ, ಆಟ, ಮಾತು ಬಿಟ್ಟು ಒಂಟಿಯಾಗಿ ಕುಳಿತರೆ ಸೋಮಾರಿತನವೆಂದು ಬಯ್ಯಬೇಡಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ 14416. ಎರಡಕ್ಕೂ ಹಣ ಕೊಡಬೇಕಿಲ್ಲ.

ಚಿಂತನೆಗೆ

ನನ್ನ ಮಗುವಿನ ಮೂವರು ಗೆಳೆಯರ ಹೆಸರು ನನಗೆ ಗೊತ್ತೇ? ತಪ್ಪು ಮಾಡಿದ ದಿನ ಅದು ಮೊದಲು ಓಡಿ ಬರುವುದು ನನ್ನ ಬಳಿಗೋ, ನನ್ನಿಂದ ದೂರಕ್ಕೋ? ಈ ಎರಡು ಪ್ರಶ್ನೆಗಳನ್ನು ಗಂಡಹೆಂಡತಿ ಇಬ್ಬರೂ ಕುಳಿತು ಮಾತಾಡಿಕೊಳ್ಳಿ. ಉತ್ತರ ಕಹಿಯಾಗಿದ್ದರೆ ಎದೆಗುಂದಬೇಡಿ. ನಾಳೆ ಸಂಜೆಯ ಬಸ್ಸಿಗೆ ಒಮ್ಮೆ ನೀವೇ ಎದುರು ಹೋಗಿ ನಿಲ್ಲಿ.