ಕಾಗೆಬಂಗಾರ ಮತ್ತು ಹಟ್ಟಿಯ ಬಂಗಾರ



ದೇವದುರ್ಗ ತಾಲ್ಲೂಕಿನ ಶಾಲೆಯೊಂದಕ್ಕೆ ಹೋಗಿದ್ದಾಗ ಆರನೇ ತರಗತಿಯ ಹುಡುಗನೊಬ್ಬ ಜೇಬಿನಿಂದ ಕಲ್ಲೊಂದನ್ನು ತೆಗೆದು ನನ್ನ ಕೈಗಿಟ್ಟ. ಬಿಸಿಲಿಗೆ ಹಿಡಿದರೆ ಹಳದಿಯಾಗಿ ಮಿರಮಿರ ಮಿನುಗುತ್ತಿತ್ತು. “ಸರ್, ಇದು ಬಂಗಾರ ಹೌದೇನ್ರಿ? ನಮ್ಮ ಹೊಲದಾಗ ಬೇಕಾದಷ್ಟು ಅದಾವ್ರಿ” ಎಂದ.

ಉಗುರಿನಿಂದ ಕೆರೆಯಲು ಹೇಳಿದೆ. ಈರುಳ್ಳಿ ಸಿಪ್ಪೆಯಂತೆ ತೆಳ್ಳಗಿನ ಹಾಳೆಗಳು ಎದ್ದು ಬಂದವು. ಅದು ಅಭ್ರಕ. ನಮ್ಮ ಹಿರಿಯರು ಅದಕ್ಕೆ ‘ಕಾಗೆಬಂಗಾರ’ ಎಂದು ಚೆನ್ನಾಗಿಯೇ ಹೆಸರಿಟ್ಟಿದ್ದಾರೆ. ನಿಜವಾದ ಬಂಗಾರ ಹಾಳೆ ಹಾಳೆಯಾಗಿ ಏಳುವುದಿಲ್ಲ. ಸುತ್ತಿಗೆಯಿಂದ ಬಡಿದರೆ ಪುಡಿಯಾಗದೆ ಅಗಲವಾಗುತ್ತ ಹೋಗುತ್ತದೆ. ಒಂದೇ ಒಂದು ಗ್ರಾಂ ಬಂಗಾರವನ್ನು ಬಡಿದು ಬಡಿದು ಸುಮಾರು ಒಂದು ಚದರ ಮೀಟರ್ ಅಗಲದ ತಗಡು ಮಾಡಬಹುದು. ಎಳೆದರೆ ಎರಡು ಕಿಲೋಮೀಟರಿಗೂ ಉದ್ದದ ತಂತಿಯಾಗುತ್ತದೆ. ಬಡಿದರೆ ಹಾಳೆಯಾಗುವ ಗುಣ ಕುಟ್ಯತೆ, ಎಳೆದರೆ ತಂತಿಯಾಗುವ ಗುಣ ತನ್ಯತೆ. ಇವೆರಡರಲ್ಲೂ ಬಂಗಾರವೇ ಲೋಹಗಳಲ್ಲಿ ಮುಂದು.

ಆದರೆ ಆ ಹುಡುಗ ಕೇಳಿದ್ದರಲ್ಲಿ ತಪ್ಪೇನಿಲ್ಲ. ಅವನ ತಾಲ್ಲೂಕಿನ ಊಟಿಯಲ್ಲಿ (ನೀಲಗಿರಿಯ ಊಟಿ ಅಲ್ಲ!) ಬಂಗಾರದ ಅದಿರು ತೆಗೆದಿದ್ದಾರೆ. ಮಾನ್ವಿ ಭಾಗದ ಹೀರಾಬುದ್ದಿನ್ನಿಯಲ್ಲೂ ತೆಗೆದಿದ್ದಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ನಿಮಗೆಲ್ಲ ಗೊತ್ತೇ ಇದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದಲ್ಲಿ ಬಂಗಾರ ತೆಗೆಯುವ ದೊಡ್ಡ ಗಣಿ ಎಂದರೆ ನಮ್ಮ ಜಿಲ್ಲೆಯ ಹಟ್ಟಿಯೇ.

ಹಟ್ಟಿಯ ಅದಿರನ್ನು ಕೈಯಲ್ಲಿ ಹಿಡಿದರೆ ನಿಮಗೆ ಬೇಸರವಾದೀತು. ಬೂದು ಬಣ್ಣದ ಕಲ್ಲು, ನಡುವೆ ಬಿಳಿ ಬೆಣಚುಕಲ್ಲಿನ ಗೆರೆ, ಅಷ್ಟೇ. ಅಲ್ಲಲ್ಲಿ ಹಳದಿ ಹೊಳಪು ಕಂಡರೂ ಅದು ಹೆಚ್ಚಾಗಿ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಸಂಯುಕ್ತ. ಬಡಿದರೆ ಪುಡಿಯಾಗುತ್ತದೆ, ಒರಟು ಬಿಲ್ಲೆಯ ಮೇಲೆ ಉಜ್ಜಿದರೆ ಕಪ್ಪು ಗೆರೆ ಮೂಡುತ್ತದೆ. ಬಂಗಾರದ ಗೆರೆಯಾದರೆ ಹಳದಿ. ಪತ್ತಾರರು ಒರೆಗಲ್ಲಿಗೆ ತಿಕ್ಕಿ ನೋಡುವುದು ಇದೇ ಲೆಕ್ಕದಲ್ಲಿ. ಅದಿರಿನಲ್ಲಿರುವ ನಿಜವಾದ ಬಂಗಾರದ ಕಣಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವುದೇ ಇಲ್ಲ. ಒಂದು ಟನ್ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ. ಟನ್ನಿಗೆ 3 ಗ್ರಾಂ ಎಂದು ಹಿಡಿಯಿರಿ. 10 ಗ್ರಾಂ ಬಂಗಾರಕ್ಕೆ ಮೂರು ಟನ್ನಿಗೂ ಹೆಚ್ಚು ಕಲ್ಲು ಬೇಕು, ಅಂದರೆ ಒಂದು ಟ್ರ್ಯಾಕ್ಟರ್ ಟ್ರೇಲರ್ ತುಂಬ!

ಆ ಕಲ್ಲನ್ನು ಹಿಟ್ಟಿನಂತೆ ಅರೆದು ಸಯನೈಡ್ ದ್ರಾವಣದಲ್ಲಿ ಕಲಸುತ್ತಾರೆ. ಯಾವ ಸಾಮಾನ್ಯ ಆಮ್ಲಕ್ಕೂ ಜಗ್ಗದ ಬಂಗಾರ ಅದರಲ್ಲಿ ಕರಗುತ್ತದೆ. ಆಮೇಲೆ ದ್ರಾವಣದಿಂದ ಬಂಗಾರವನ್ನು ಬೇರೆ ಮಾಡಿ ಕರಗಿಸಿ ಗಟ್ಟಿ ಎರಕ ಹೊಯ್ಯುತ್ತಾರೆ. ಸಯನೈಡ್ ಕಡು ವಿಷ. ಗಣಿಯ ಪಕ್ಕದಲ್ಲಿ ಗುಡ್ಡದಂತೆ ಬಿದ್ದಿರುವ ಬೂದು ಪುಡಿ ಹೀಗೆ ಬಂಗಾರ ತೆಗೆದು ಉಳಿದದ್ದು. ಅಲ್ಲಿಗೆ ಆಡಲು ಹೋಗಬೇಡಿ.

ಯಂತ್ರವೂ ಸಯನೈಡೂ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಸುಮಾರು 2000 ವರ್ಷಗಳ ಹಿಂದೆಯೇ ಹಟ್ಟಿಯ ಜನ ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಬಂಡೆಗೆ ತಣ್ಣೀರು ಸುರಿದು ಸೀಳುತ್ತಿದ್ದರು. ಹೀಗೆಯೇ 600 ಅಡಿಗೂ ಆಳಕ್ಕೆ ಇಳಿದಿದ್ದರು. ಆ ಹೊಗೆಯಲ್ಲಿ ಹೇಗೆ ಉಸಿರಾಡುತ್ತಿದ್ದರೋ! 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಈ ಸೀಮೆಯಲ್ಲಿ ಬಂಗಾರ ಹುಡುಕುತ್ತಿದ್ದಾಗ ಮಸ್ಕಿಯ ಬಂಡೆಯಲ್ಲಿ ಅಕ್ಷರಗಳನ್ನು ಕಂಡರು. ಅದೇ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದ ಮೊದಲ ಶಾಸನ.

ಮಾಡಿ ನೋಡಿ

ಬಂಗಾರದ ಸಾಂದ್ರತೆ 19.3. ಅಂದರೆ ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿದರೆ 1 ಕಿಲೋ, ಬಂಗಾರ ತುಂಬಿದರೆ 19 ಕಿಲೋ 300 ಗ್ರಾಂ. ಅಳತೆ ಜಾಡಿಯಲ್ಲಿ 50 ಮಿ.ಲೀ. ನೀರು ಹಾಕಿ. 100 ಗ್ರಾಂ ಕಬ್ಬಿಣದ ಮೊಳೆ ಮುಳುಗಿಸಿದರೆ ನೀರು ಸುಮಾರು 13 ಮಿ.ಲೀ. ಏರುತ್ತದೆ. 100 ಗ್ರಾಂ ಕಲ್ಲಿನ ಚೂರಿಗೆ ಸುಮಾರು 37 ಮಿ.ಲೀ. ಹಿತ್ತಾಳೆಗೆ ಸುಮಾರು 12. ಶುದ್ಧ ಬಂಗಾರಕ್ಕಾದರೆ ಬರೀ 5 ಮಿ.ಲೀ. ಚಿಲ್ಲರೆ! ಒಡವೆಯ 22 ಕ್ಯಾರೆಟ್ ಬಂಗಾರದಲ್ಲಿ 24 ಭಾಗಕ್ಕೆ 22 ಭಾಗ ಮಾತ್ರ ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿ. ಒಡವೆಯ ಮೇಲಿನ 916 ಎಂಬ ಗುರುತು ಇದನ್ನೇ ಹೇಳುತ್ತದೆ. ಆದರೂ ನೀರು 6 ಮಿ.ಲೀ. ದಾಟುವುದಿಲ್ಲ.

ಈ ಪ್ರಯೋಗವನ್ನು ಮಾನ್ವಿಯ ವಿಜ್ಞಾನ ಮೇಳದಲ್ಲಿ ಮಾಡಿ ತೋರಿಸುತ್ತಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಅವ್ವನನ್ನು ಕರೆದುಕೊಂಡು ಬಂದಳು. ಅವ್ವನ ಸೆರಗಿನ ಗಂಟಿನಲ್ಲಿ ಒಂದು ಗುಂಡಿನ ಸರ. ಸಂತೆಯಲ್ಲಿ ಯಾರೋ ಅಪರಿಚಿತರು, ಮನೆಯ ಪಾಯ ತೋಡುವಾಗ ಬಂಗಾರ ಸಿಕ್ಕಿದೆ, ಯಾರಿಗೂ ಹೇಳಬೇಡಿ, ಅಗ್ಗಕ್ಕೆ ಕೊಡುತ್ತೇವೆ ಎಂದಿದ್ದರಂತೆ. ಮೊದಲು ಎರಡು ಗುಂಡು ಕೊಟ್ಟರು, ಪತ್ತಾರರು ಒರೆಗೆ ಹಚ್ಚಿ ಅಸಲಿ ಎಂದರು. ಅದನ್ನು ನಂಬಿ ಆ ವರ್ಷದ ಹತ್ತಿಯ ದುಡ್ಡನ್ನೆಲ್ಲ ಕೊಟ್ಟು ಸರ ತಂದಿದ್ದರು.

ದಾರ ಬಿಚ್ಚಿ ತೂಗಿದೆವು, 85 ಗ್ರಾಂ. ಗುಂಡುಗಳ ತೂತಿನಲ್ಲಿ ಗಾಳಿ ಉಳಿಯದಂತೆ ಜಾಡಿಯನ್ನು ಅಲುಗಾಡಿಸಿದೆವು. ಹುಡುಗಿಯೇ ಬಗ್ಗಿ ಅಳತೆ ಓದಿದಳು. ನೀರು 40ರಿಂದ 50ಕ್ಕೆ ಏರಿತ್ತು. 85ನ್ನು 10ರಿಂದ ಭಾಗಿಸಿ 8.5 ಎಂದು ಬರೆದಳು. ಗೋಡೆಯ ಪಟ್ಟಿಯಲ್ಲಿ 8.5ರ ಮುಂದೆ ಹಿತ್ತಾಳೆ ಎಂದಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಮಗಳ ಮುಖ ನೋಡಿದರು.

ಸ್ವಲ್ಪ ಹೊತ್ತಿನ ಮೇಲೆ ಆ ಹುಡುಗಿ ಒಬ್ಬಳೇ ತಿರುಗಿ ಬಂದಳು. “ಸರ್, ಈ ಜಾಡಿ ಎಷ್ಟಕ್ಕ ಸಿಗ್ತದ್ರಿ? ನಮ್ಮ ಓಣಿಯಾಗ ಇನ್ನೂ ಇಬ್ಬರು ತೊಗೊಬೇಕಂತ ಕುಂತಾರ್ರಿ” ಎಂದಳು. ಮೇಳದ ಜಾಡಿಯನ್ನೇ ಕೊಟ್ಟು ಕಳಿಸಿದೆ.