ಬಿ ಫಾರಂ ಕೆಳಗಿನ ಸಹಿ

ನೋಡಪ್ಪಾ ಅಳಿಯಾ, ಮೊನ್ನೆ ಹಬ್ಬಕ್ಕೆ ಬಂದವನು ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದೆ. ಎಲೆಯಲ್ಲಿ ಒಬ್ಬಟ್ಟು ಹಾಗೇ ಉಳಿಯಿತು, ನಿನ್ನ ಅತ್ತೆ ಇನ್ನೂ ಅದನ್ನೇ ಹೇಳಿಕೊಂಡು ಕೊರಗುತ್ತಿದ್ದಾಳೆ. ನನ್ನ ಮಗನ ಮಾತೂ ಸರಿಯಿರಲಿಲ್ಲ, ಒಪ್ಪಿದೆ. 'ನಿಮ್ಮ ಪಕ್ಷವೇ ಅಂಥದ್ದು' ಅಂತ ಅವನು ಅಂದ. 'ನಿಮ್ಮದರಲ್ಲಿ ಇಲ್ಲವಾ?' ಅಂತ ನೀನು ನಾಲ್ಕು ಹೆಸರು ಒದರಿದೆ. ಅವನು ಐದು ಒದರಿದ. ಇಬ್ಬರೂ ಜಾತ್ರೆಯಲ್ಲಿ ಹರಾಜು ಕೂಗುವವರ ಹಾಗೆ ಕಾಣಿಸಿದಿರಿ. ಆವತ್ತು ಎಲೆಯ ಮುಂದೆ ಬಾಯಿ ಬಿಡಬಾರದು ಅಂತ ಸುಮ್ಮನಿದ್ದೆ. ಈಗ ಹೇಳುತ್ತೇನೆ, ಕೇಳಿಸಿಕೋ.

ಮೂವತ್ತು ವರ್ಷ ನಾನು ಸೊಸೈಟಿಯಲ್ಲಿ ಬೆಳೆಸಾಲದ ಲೆಕ್ಕ ಬರೆದವನು. ಸಾಲ ಬೇಕು ಅಂದರೆ ಜಾಮೀನು ಬೇಕು. ದುಡ್ಡು ತಿಂದವನು ಸಾಲಗಾರ, ಜಾಮೀನುದಾರ ಒಂದು ಕಾಸೂ ಮುಟ್ಟಿರುವುದಿಲ್ಲ. ಆದರೂ ಕಂತು ತಪ್ಪಿದರೆ ನೋಟಿಸು ಇಬ್ಬರ ಮನೆಗೂ ಹೋಗುತ್ತದೆ. 'ನಾನೇನು ತಿಂದೆನಾ ಸ್ವಾಮಿ?' ಅಂತ ಕೂಗಾಡುತ್ತಾ ಬಂದ ಎಷ್ಟೋ ಜನರಿಗೆ ಪುಸ್ತಕ ತಿರುಗಿಸಿ ಅವರದೇ ಸಹಿ ತೋರಿಸಿದ್ದೇನೆ. ಹಾಗಂತ ಸಾಲಗಾರ ಪಕ್ಕದ ಮನೆಯವನ ಜೊತೆ ಬೇಲಿ ಜಗಳ ಮಾಡಿದರೆ ಜಾಮೀನುದಾರನನ್ನು ಕೇಳುವವರಿಲ್ಲ. ಯಾವುದಕ್ಕೆ ಸಹಿ ಹಾಕಿದನೋ ಅದಕ್ಕಷ್ಟೇ ಅವನು ಬಾಧ್ಯಸ್ಥ.

ಪಕ್ಷ ಹಾಕುವ ಸಹಿ ಬಿ ಫಾರಂ ಕೆಳಗೆ ಇರುತ್ತದೆ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಆ ಕಾಗದ ಚುನಾವಣಾಧಿಕಾರಿಯ ಮೇಜು ಮುಟ್ಟಬೇಕು. ಅದಕ್ಕಾಗಿ ಕಾರಿನಲ್ಲಿ, ಬೈಕಿನಲ್ಲಿ ಓಡುವವರನ್ನು ನೀನೂ ಕಂಡಿದ್ದೀಯ. 'ಇವನ ಕೈಗೆ ಅಧಿಕಾರ ಕೊಡಬಹುದು, ನಾವು ಹೊಣೆ' ಅನ್ನುವುದೇ ಆ ಸಹಿಯ ಅರ್ಥ. ಗೆದ್ದ ಮೇಲೂ ಪಕ್ಷ ಅವನನ್ನು ಬಿಡುವುದಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಸದನದಲ್ಲಿ ಅವನ ಕೈ ಎತ್ತಿಸುವುದೂ ಇಳಿಸುವುದೂ ಪಕ್ಷವೇ. ಅದೇ ಕೈ ಒಂದು ಹೆಣ್ಣಿನ ಮೇಲೆ ಬಿದ್ದಾಗ ಮಾತ್ರ 'ಅದು ಅವರ ವೈಯಕ್ತಿಕ ವಿಚಾರ' ಅಂದರೆ ಯಾರು ಕೇಳುತ್ತಾರೆ? ಯಾರ ಮನಸ್ಸು ಯಾರ ಮೇಲೆ ಹೋಯಿತು, ಯಾರ ಸಂಸಾರ ಯಾಕೆ ಮುರಿಯಿತು ಅನ್ನುವುದು ನನಗೆ ಬೇಡ. ಕುರ್ಚಿಯ ಬಲದಿಂದ ಮಾಡಿದ್ದು ಮಾತ್ರ ಕುರ್ಚಿ ಕೊಟ್ಟವರ ಬಾಗಿಲಿಗೂ ಬರುತ್ತದೆ.

ನಮ್ಮ ಹಾಸನದ್ದನ್ನೇ ನೋಡು. ಜೆಡಿಎಸ್ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ತನ್ನ ಮಾನ ಕಳೆಯುವಂಥದ್ದೇನನ್ನೂ ಪ್ರಸಾರ ಮಾಡಬಾರದು ಅಂತ ಮಾಧ್ಯಮಗಳ ಮೇಲೆ ಬೆಂಗಳೂರಿನ ಕೋರ್ಟಿನಿಂದ ತಡೆಯಾಜ್ಞೆ ತಂದದ್ದು 2023ರ ಜೂನ್‌ನಲ್ಲಿ. ಮೈತ್ರಿ ಪಕ್ಷ ಬಿಜೆಪಿಯ ಸ್ಥಳೀಯ ಮುಖಂಡರೊಬ್ಬರು ಅದೇ ವರ್ಷದ ಡಿಸೆಂಬರಿನಲ್ಲಿ ಎಚ್ಚರಿಕೆಯ ಪತ್ರ ಬರೆದಿದ್ದೆ ಅಂದರು, ಅವರ ರಾಜ್ಯಾಧ್ಯಕ್ಷರು ಅಂಥ ಪತ್ರ ತಲುಪಿಲ್ಲ ಅಂದರು. ಪತ್ರದ ಮಾತು ಹಾಗಿರಲಿ. ತಡೆಯಾಜ್ಞೆ ಕದ್ದುಮುಚ್ಚಿ ಬಂದದ್ದಲ್ಲವಲ್ಲ? ಮನೆಯ ಮುಂದೆ ಇಷ್ಟು ಹೊಗೆ ಎದ್ದಿದ್ದರೂ 2024ರಲ್ಲಿ ಟಿಕೆಟ್ ಕೊಟ್ಟರು. ಏಪ್ರಿಲ್ 26ಕ್ಕೆ ಇಲ್ಲಿ ಮತದಾನ, ಅದರ ಬೆನ್ನಿಗೇ ಅವರು ಜರ್ಮನಿಗೆ ಹೊರಟರು. 30ಕ್ಕೆ ಹುಬ್ಬಳ್ಳಿಯಲ್ಲಿ ಕೋರ್ ಕಮಿಟಿ ಸೇರಿ ಅಮಾನತು ಮಾಡಿತು. ಅಮಾನತು, ಉಚ್ಚಾಟನೆಯಲ್ಲ. ದನವನ್ನು ದೊಡ್ಡಿಗೆ ಕೂಡಿದ ಹಾಗೆ, ದಂಡ ಕಟ್ಟಿದರೆ ಬಿಡಿಸಿಕೊಂಡು ಬರಬಹುದು. ಮೇ 31ರಂದು ವಿಮಾನ ಇಳಿಯುತ್ತಲೇ ಬಂಧನವಾಯಿತು. 2025ರ ಆಗಸ್ಟ್ 1ಕ್ಕೆ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಅತ್ಯಾಚಾರದ ಅಪರಾಧಿ ಅಂತ ತೀರ್ಪು ಕೊಟ್ಟು, ಮಾರನೆಯ ದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅದು ಮೇಲ್ಮನವಿಯಲ್ಲಿದೆ. ದೂರು ಕೊಟ್ಟವಳು ಅವರದೇ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು. ಅವಳ ಸೀರೆಯೇ ಮುಖ್ಯ ಸಾಕ್ಷ್ಯಗಳಲ್ಲೊಂದಾಯಿತು.

ಜನ ಮಾತ್ರ ನಿಮ್ಮಷ್ಟು ಅವಸರದವರಲ್ಲ ಕಣಯ್ಯಾ. ಒಂದೇ ದಿನ, ಒಂದೇ ತೆನೆ ಹೊತ್ತ ಮಹಿಳೆಯ ಗುರುತಿಗೆ ಹಾಸನದವರೂ ಮಂಡ್ಯದವರೂ ಮತ ಹಾಕಿದರು. ಹಾಸನದಲ್ಲಿ 42,000ಕ್ಕೂ ಹೆಚ್ಚು ಮತಗಳಿಂದ ಸೋಲು. ಮಂಡ್ಯದಲ್ಲಿ ಅದೇ ಮನೆತನದ ಕುಮಾರಸ್ವಾಮಿ ಅವರಿಗೆ 2.8 ಲಕ್ಷಕ್ಕೂ ಹೆಚ್ಚಿನ ಅಂತರದ ಗೆಲುವು. ಜಾತಿ, ಮೈತ್ರಿ, ಎದುರಾಳಿ ಎಲ್ಲ ಕೆಲಸ ಮಾಡಿರುತ್ತವೆ, ಇಲ್ಲ ಅನ್ನುವುದಿಲ್ಲ. ಪ್ರಜ್ವಲ್ ಅವರದು ಅನ್ನಲಾದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳ ಸುದ್ದಿ ಆ ಹೊತ್ತಿಗೆ ಮಂಡ್ಯಕ್ಕೆ ಎಷ್ಟು ತಲುಪಿತ್ತೋ. ಆದರೂ ಒಬ್ಬನ ಪಾಪವನ್ನು ಗುರುತಿಗೆಲ್ಲ ಬಳಿದರು ಅನ್ನುವ ಹಾಗಿಲ್ಲ.

ಇದೇ ಮಾತಿಗೆ ಇನ್ನೊಂದು. ಆ ಪೆನ್‌ಡ್ರೈವ್‌ಗಳನ್ನು ಬಸ್‌ಸ್ಟಾಂಡಿನಲ್ಲಿ ಬೀಡಿಕಟ್ಟಿನ ಹಾಗೆ ಹಂಚಿದವರಿದ್ದರಲ್ಲ, ಹೆಣ್ಣುಮಕ್ಕಳ ಮುಖವನ್ನೂ ಮರೆಮಾಡದೆ? ಅವರದ್ದು ಯಾವ ಲೆಕ್ಕಕ್ಕೆ? ನಿನ್ನ ಫೋನಿನಿಂದಲೂ ಒಂದು ಆಚೆ ಹೋಗಿತ್ತು ಅಂತ ನನ್ನ ಕಿವಿಗೆ ಬಿದ್ದಿದೆ. ನಿಜವೋ ಸುಳ್ಳೋ, ನಾನು ಕೇಳುವುದಿಲ್ಲ. ನಿಮ್ಮ ಪಕ್ಷ ಗೆಲ್ಲಲಿ ಅಂತ ಯಾರದೋ ಮಗಳು ಊರು ಬಿಡಬೇಕಾ?

ಈಗ ನನ್ನದೇ ಒಂದು ಹೇಳುತ್ತೇನೆ. ನಿನ್ನ ಅಮ್ಮನಿಗೂ ಗೊತ್ತಿಲ್ಲ.

1987ರ ಜನವರಿ, ಜಿಲ್ಲಾ ಪರಿಷತ್ ಚುನಾವಣೆ. ನಾನಿನ್ನೂ ಸೊಸೈಟಿಗೆ ಸೇರಿರಲಿಲ್ಲ. ಮೈದಾ ಅಂಟು ಕಾಯಿಸಿ ರಾತ್ರಿಯೆಲ್ಲ ಪೋಸ್ಟರ್ ಅಂಟಿಸುವುದೇ ಕೆಲಸ. ನಮ್ಮ ಕಡೆಯ ಅಭ್ಯರ್ಥಿ ಊರಿಗೆ ದೊಡ್ಡ ಮನುಷ್ಯ. ವಿಧವಾ ವೇತನದ ಅರ್ಜಿಗೆ ಶಿಫಾರಸು ಕೇಳಿಕೊಂಡು ಹೋದ ಹೆಂಗಸರಿಗೆ 'ಸಂಜೆ ತೋಟದ ಮನೆಗೆ ಬಾ' ಅನ್ನುವುದು ಅವನ ಚಾಳಿ. ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದೆವು, 'ಗೌಡರು ಇನ್ನೂ ಗಟ್ಟಿ' ಅಂತ. ಮತ ಕೇಳಲು ಒಂದು ಮನೆಗೆ ಹೋದೆ. ಗಂಡ ಸತ್ತ ಹೆಂಗಸು, ಜಗುಲಿಯ ಮೇಲೆ ಕೂತು ಮೊರದಲ್ಲಿ ಹೊಸ ರಾಗಿ ಕೇರುತ್ತಿದ್ದಳು. ತಲೆ ಎತ್ತದೆ ಕೇಳಿದಳು: 'ಅವನೆಂಥವನು ಅಂತ ನಿಂಗೆ ಗೊತ್ತಿಲ್ವೇನಪ್ಪಾ?'

ಮೇಲಿನವರು ಹೇಳಿಕೊಟ್ಟ ಮಾತು ನಾಲಿಗೆಯ ಮೇಲೇ ಇತ್ತು. 'ಮನುಷ್ಯನ್ನ ನೋಡಬೇಡವ್ವಾ, ಪಕ್ಷ ನೋಡು' ಅಂದೆ.

ಮೊರ ನಿಂತಿತು. 'ಅರ್ಜಿ ಹಿಡ್ಕೊಂಡು ಪಕ್ಷದ ತಾವ ಹೋಗಕ್ಕಾಯ್ತದಾ? ಅವನ ತಾವಲೇ ಅಲ್ವಾ ಹೋಗಬೇಕಾಗಿರದು?' ಅಂದು ಮತ್ತೆ ಕೇರತೊಡಗಿದಳು. ಹೊಟ್ಟು ನನ್ನ ಕಾಲ ಮೇಲೆ ಬೀಳುತ್ತಿತ್ತು. ಅವನು ಗೆದ್ದ. ನಾನೂ ಪಟಾಕಿ ಹೊಡೆದೆ. ಮುಂದಿನ ಚುನಾವಣೆ ಹೊತ್ತಿಗೆ ಯಾರ ಮನೆ ಬಾಗಿಲಿಗೂ ಹೋಗುವ ಮನಸ್ಸಾಗಲಿಲ್ಲ.

ಆ ಅಭ್ಯರ್ಥಿಯ ತಪ್ಪು ನನ್ನದಾಗಿತ್ತಾ? ಅವನು ಮಾಡಿದ್ದು ನನ್ನದಲ್ಲ, ಗೊತ್ತಿದ್ದೂ ಮುಚ್ಚಿಟ್ಟದ್ದು ನನ್ನದು. ಪಕ್ಷಗಳನ್ನೂ ನಾನು ಇದೇ ತಕ್ಕಡಿಗೆ ಹಾಕುತ್ತೇನೆ. ಸಹಿ ಹಾಕುವಾಗ ಏನು ಗೊತ್ತಿತ್ತು, ಗೊತ್ತಾದ ಮೇಲೆ ಏನು ಮಾಡಿದರು, ಗಲಾಟೆ ತಣ್ಣಗಾದ ಮೇಲೆ ಮತ್ತೆ ಏನು ಕೊಟ್ಟರು.

ಮೂರನೆಯದನ್ನು ಯಾರೂ ನೋಡುವುದಿಲ್ಲ, ನೀನು ನೋಡು. 2012ರ ಫೆಬ್ರವರಿಯಲ್ಲಿ ವಿಧಾನಸಭೆಯೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದರು ಅನ್ನುವ ಆರೋಪ ಬಂತು, ಟಿವಿಯಲ್ಲೆಲ್ಲ ಅದೇ. ಬಿಜೆಪಿಯ ಮೂವರು ಸಚಿವರು ಮಾರನೆಯ ದಿನವೇ ರಾಜೀನಾಮೆ ಕೊಟ್ಟರು. ಬೇಗ ಮುಗಿಸಿದರು, ಮೆಚ್ಚಬೇಕು ಅನ್ನಿಸಿತ್ತು ನನಗೆ. ಅವರಲ್ಲೊಬ್ಬರಾದ ಲಕ್ಷ್ಮಣ ಸವದಿ 2018ರಲ್ಲಿ ಅಥಣಿಯಲ್ಲಿ ಸೋತರು. 2019ರಲ್ಲಿ ಯಾವ ಸದನದ ಸದಸ್ಯರೂ ಅಲ್ಲದಿದ್ದವರನ್ನು ಅದೇ ಪಕ್ಷ ಉಪಮುಖ್ಯಮಂತ್ರಿ ಮಾಡಿತು. 2023ರಲ್ಲಿ ಟಿಕೆಟ್ ಸಿಗಲಿಲ್ಲ ಅಂತ ಕಾಂಗ್ರೆಸ್ಸಿಗೆ ಬಂದರು. 2012ರಲ್ಲಿ ಎದೆ ಬಡಿದುಕೊಂಡಿದ್ದ ಪಕ್ಷವೇ ಬಿ ಫಾರಂ ಕೊಟ್ಟಿತು, ಅವರು ಗೆದ್ದರು. ಹೀಗಿರುವಾಗ ನೀನು ಮತ್ತು ನನ್ನ ಮಗ ಎಲೆಯ ಮುಂದೆ ಕೂತು ಯಾವ ಪಕ್ಷದ ಮಾನ ಕಾಯುತ್ತಿದ್ದಿರಿ?

ರಾಜೀನಾಮೆ ಕೊಟ್ಟವರೆಲ್ಲ ತಪ್ಪಿತಸ್ಥರೂ ಅಲ್ಲ. ಕಾಂಗ್ರೆಸ್ಸಿನ ಅಬಕಾರಿ ಸಚಿವ ಎಚ್.ವೈ. ಮೇಟಿ ವಿಡಿಯೊ ಗಲಾಟೆಯಲ್ಲಿ 2016ರ ಡಿಸೆಂಬರಿನಲ್ಲಿ ಸಚಿವ ಸ್ಥಾನ ಬಿಟ್ಟರು, ಆಮೇಲೆ ಸಿಐಡಿ ಅವರಿಗೆ ಕ್ಲೀನ್ ಚಿಟ್ ಕೊಟ್ಟಿತು. ಅದಕ್ಕೇ ಮೊದಲ ದಿನವೇ ಬಾಯಿ ಬಿಡಬೇಡ ಅನ್ನುವುದು.

ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಕ್ರಿಮಿನಲ್ ಕೇಸು ಬಾಕಿ ಇರುವವರಿಗೆ ಟಿಕೆಟ್ ಕೊಟ್ಟರೆ, ಯಾಕೆ ಇವರೇ ಬೇಕಾಯಿತು ಅಂತ ಪಕ್ಷವೇ ಪೇಪರಿನಲ್ಲಿ ಹಾಕಬೇಕು. 'ಗೆಲ್ಲುತ್ತಾರೆ' ಅನ್ನುವುದೊಂದೇ ಕಾರಣವಾಗುವ ಹಾಗಿಲ್ಲ. ಸಿ-7 ಅನ್ನುತ್ತಾರೆ ಆ ನಮೂನೆಗೆ. ಶ್ರದ್ಧಾಂಜಲಿ ಜಾಹೀರಾತಿನ ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರುತ್ತದೆ, ಕನ್ನಡಕ ಹಾಕಿಕೊಂಡು ಓದುತ್ತೇನೆ. ಎಲ್ಲರೂ 'ಜನಾನುರಾಗಿ, ಸಮಾಜ ಸೇವಕ'ರೇ. ಆದರೆ ಕೇಸು ದಾಖಲಾಗಿದ್ದರೆ ತಾನೆ ಅದರಲ್ಲಿ ಬರುವುದು? 1987ರ ನಮ್ಮ ದೊಡ್ಡ ಮನುಷ್ಯನ ಮೇಲೆ ಒಂದೂ ಕೇಸಿರಲಿಲ್ಲ. ಊರಿಗೆ ಗೊತ್ತಿದ್ದದ್ದು ಕೋರ್ಟಿಗೆ ಗೊತ್ತಿರಲಿಲ್ಲ. ಊರಿಗೆ ಗೊತ್ತಿರುವುದು ಮೇಲೆ ಹೋಗಬೇಕಾದರೆ ನಿನ್ನಂಥ ಬೂತ್ ಮಟ್ಟದ ಹುಡುಗರ ಬಾಯಿಂದಲೇ ಹೋಗಬೇಕು.

ಜಿಲ್ಲಾ ಪಂಚಾಯಿತಿ ಚುನಾವಣೆ ಯಾವತ್ತಾದರೂ ನಡೆದೇ ನಡೆಯುತ್ತದೆ. ನಿಮ್ಮ ಹೋಬಳಿಯಿಂದ ಒಬ್ಬ ಕ್ರಷರ್ ಮಾಲೀಕ ಟಿಕೆಟ್‌ಗೆ ಓಡಾಡುತ್ತಿದ್ದಾನೆ ಅಂತ ನೀನೇ ಹೇಳಿದೆ. ಅವನ ಕ್ರಷರಿಗೆ ಕೂಲಿಗೆ ಹೋಗುವ ಹೆಣ್ಣಾಳುಗಳು ಒಬ್ಬೊಬ್ಬರೇ ಹೋಗಲ್ಲ, ಯಾವಾಗಲೂ ಜೊತೆ ಮಾಡಿಕೊಂಡೇ ಹೋಗುತ್ತಾರೆ ಅಂತಲೂ ಹೇಳಿದೆ. ನಗುತ್ತಾ ಹೇಳಿದೆ. ಜಗಳ ಶುರುವಾಗುವ ಮುಂಚೆ, ಕೋಸಂಬರಿ ಬಡಿಸುವ ಹೊತ್ತಿಗೆ. ನಿಮ್ಮ ಹೋಬಳಿ ಸಭೆಯಲ್ಲಿ ಆಕಾಂಕ್ಷಿಗಳ ಹೆಸರು ಓದುವಾಗ ನೀನು ಅಲ್ಲಿ ಇರುತ್ತೀಯಲ್ಲ? ಆ ಮಾತನ್ನು ಅಲ್ಲೊಮ್ಮೆ ನಗದೆ ಹೇಳಿ ಬಾ.