ವಿದ್ಯುತ್ ಬಿಲ್ಲಿನ ವ್ಯಾಜ್ಯ: ಶಾಖಾ ಕಚೇರಿಯಿಂದ ಓಂಬುಡ್ಸ್‌ಮನ್‌ವರೆಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)



ಕುಡಿಯುವ ನೀರು, ಬೀದಿ ದೀಪ ಮತ್ತು ಮನೆ ಹಂಚಿಕೆಯ ನಂತರ ಗ್ರಾಮಸ್ಥರು ನಮ್ಮ ಬಳಿಗೆ ಹೆಚ್ಚಾಗಿ ತರುವ ಅಹವಾಲು ವಿದ್ಯುತ್ ಬಿಲ್ಲಿನದು. ವಿದ್ಯುತ್ ಸರಬರಾಜು ಕಂಪನಿಯು ಪಂಚಾಯಿತಿಯ ಅಧೀನದಲ್ಲಿಲ್ಲ. ಅದಕ್ಕೆ ಆದೇಶ ನೀಡುವ ಅಧಿಕಾರ ನಮಗಿಲ್ಲ. ಆದರೆ ನೊಂದ ಗ್ರಾಹಕರಿಗೆ ಸರಿಯಾದ ದಾರಿ ತೋರಿಸುವ ಹೊಣೆ ನಮ್ಮದು. ಆ ದಾರಿಯ ಮೆಟ್ಟಿಲುಗಳನ್ನೂ ಪ್ರತಿ ಮೆಟ್ಟಿಲಿನ ಕಾಲಮಿತಿಯನ್ನೂ ತಿಳಿಸುವುದು ಈ ಪಾಠದ ಉದ್ದೇಶ.

1. ಒಂದು ಪ್ರಕರಣ

ನಾನು ಹಿಂದೆ ಕಾರ್ಯನಿರ್ವಹಿಸಿದ ಪಂಚಾಯಿತಿಯಲ್ಲಿ, ಗೃಹಜ್ಯೋತಿ ಯೋಜನೆ ಜಾರಿಗೆ ಬರುವ ಮುನ್ನ ನಡೆದ ಸಂಗತಿ ಇದು. ಮೊಮ್ಮಗಳೊಡನೆ ವಾಸವಿದ್ದ ವಿಧವೆಯೊಬ್ಬರ ಮನೆಗೆ ಒಂದು ತಿಂಗಳು 1,040 ಯೂನಿಟ್‌ಗಳ ಬಿಲ್ ಬಂದಿತು. ಮೊತ್ತ ಎಂಟು ಸಾವಿರ ರೂಪಾಯಿಯಷ್ಟು. ಅದಕ್ಕೂ ಮೊದಲು ಅವರ ಬಳಕೆ ತಿಂಗಳಿಗೆ 40 ಯೂನಿಟ್‌ಗಳ ಆಸುಪಾಸಿನಲ್ಲಿತ್ತು. ಹಿಂದಿನ ಮಾಪನ 3,186. ಈಗ ದಾಖಲಾದದ್ದು 4,226. ಮೂರರ ಜಾಗದಲ್ಲಿ ನಾಲ್ಕು ಬಿದ್ದಿದೆಯೆಂದು ಯಾರಿಗಾದರೂ ಅನುಮಾನ ಬರಬೇಕಿತ್ತು. 3,226 ಎಂದು ಓದಿದರೆ ಬಳಕೆ ಸರಿಯಾಗಿ 40 ಯೂನಿಟ್ ಆಗುತ್ತದೆ. ಆದರೆ ಅಷ್ಟರಲ್ಲಿ ಮೀಟರಿನ ಪರದೆ ಕೆಟ್ಟಿತು. ಹೊಸ ಮೀಟರ್ ಹಾಕಿ ಹಳೆಯದನ್ನು ಒಯ್ದರು. ಅದರ ಚಿತ್ರವನ್ನು ಯಾರೂ ತೆಗೆದಿರಲಿಲ್ಲ.

ಆಕೆ ಬಿಲ್ ಹಿಡಿದು ನನ್ನ ಬಳಿ ಬಂದರು. ನಾನು ಎಂಜಿನಿಯರಿಂಗ್ ಪದವೀಧರ. ಲೆಕ್ಕ ಹಾಕಲು ಐದು ನಿಮಿಷ ಸಾಕಿತ್ತು. ಹಾಕಲಿಲ್ಲ. ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿಸುವುದೇ ಉಪಕಾರವೆಂದು ಭಾವಿಸಿ, "ಬಾಕಿ ಹಣವನ್ನು ಕಂತುಗಳಲ್ಲಿ ಪಾವತಿಸುತ್ತೇನೆ" ಎಂಬ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಆಕೆ ಸಾವಿರದಂತೆ ಎರಡು ಕಂತು ಕಟ್ಟಿದರು. ಮೂರನೆಯದನ್ನು ಕಟ್ಟಲಾಗಲಿಲ್ಲ. ಮೊಮ್ಮಗಳ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಎರಡು ವಾರ ಇರುವಾಗ ಸಂಪರ್ಕ ಕಡಿತವಾಯಿತು. "ಸಾರ್, ನೀವೇ ಕಟ್ಟಮ್ಮ ಅಂದ್ರಲ್ಲ, ಅದಕ್ಕೇ ಕಟ್ದೆ" ಎಂದಷ್ಟೇ ಆಕೆ ಹೇಳಿದರು. ಆ ವಾರ್ಡಿನ ಸದಸ್ಯೆ ಆಗ ಕೇಳಿದ ಪ್ರಶ್ನೆ ಒಂದೇ: "ಕಡಿತಕ್ಕೆ ಮೊದಲು ಕೊಟ್ಟ ನೋಟಿಸ್ ಎಲ್ಲಿದೆ?" ನೋಟಿಸ್ ಇರಲಿಲ್ಲ. ನನ್ನ ಕಲಿಕೆ ಆರಂಭವಾದದ್ದು ಆ ಪ್ರಶ್ನೆಯಿಂದ.

2. ಮೊದಲು ಲೆಕ್ಕ

ಒಂದು ಕಿಲೋವಾಟ್ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಮೂವತ್ತು ದಿನಗಳಿಗೆ 720 ಗಂಟೆ. ಆ ಮನೆಯ ಮಂಜೂರಾದ ಹೊರೆ 1 ಕಿಲೋವಾಟ್. ಅಷ್ಟೂ ಹೊರೆ ಹಗಲಿರುಳು ನಡೆದರೂ ತಿಂಗಳಿಗೆ 720 ಯೂನಿಟ್ ಮಾತ್ರ. 1,040 ಯೂನಿಟ್ ಆಗಬೇಕಾದರೆ ತಿಂಗಳಿಡೀ ಬಿಡುವಿಲ್ಲದೆ ಸುಮಾರು 1.44 ಕಿಲೋವಾಟ್ ಉರಿಯಬೇಕು.

ಮನೆಯಲ್ಲಿ ಇದ್ದದ್ದೇನು? 9 ವಾಟ್‌ನ ಮೂರು ಎಲ್‌ಇಡಿ ಬಲ್ಬುಗಳು ಆರು ಗಂಟೆ, 75 ವಾಟ್‌ನ ಫ್ಯಾನ್ ಹತ್ತು ಗಂಟೆ, 60 ವಾಟ್‌ನ ಟಿ.ವಿ. ನಾಲ್ಕು ಗಂಟೆ, 500 ವಾಟ್‌ನ ಮಿಕ್ಸಿ ಕಾಲು ಗಂಟೆ. ಒಟ್ಟು ದಿನಕ್ಕೆ ಸುಮಾರು 1.28 ಯೂನಿಟ್, ತಿಂಗಳಿಗೆ 38 ಯೂನಿಟ್. ಮಂಜೂರಾದ ಹೊರೆಯನ್ನು ಮೀರಿ ಬಳಸುವುದು ಸಾಧ್ಯವಿರುವುದರಿಂದ ಈ ಲೆಕ್ಕವೊಂದೇ ಅಂತಿಮ ಸಾಕ್ಷ್ಯವಲ್ಲ. ಆದರೆ ದೂರಿಗೆ ಬಲವಾದ ಆಧಾರ. ಇದಕ್ಕೆ ಹಿಂದಿನ ಒಂದು ವರ್ಷದ ಬಿಲ್‌ಗಳನ್ನೂ ನಂತರದ ತಿಂಗಳುಗಳ ಬಳಕೆಯನ್ನೂ ಸೇರಿಸಿದರೆ ವಾದ ಪೂರ್ಣವಾಗುತ್ತದೆ.

3. ಗ್ರಾಹಕರಿಗೆ ಕಾನೂನು ನೀಡಿರುವ ರಕ್ಷಣೆ

ವಿದ್ಯುಚ್ಛಕ್ತಿ ಅಧಿನಿಯಮ, 2003ರ 56ನೇ ಪ್ರಕರಣವನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರಬೇಕು.

(ಅ) ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವ ಮುನ್ನ ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸ್ ನೀಡತಕ್ಕದ್ದು.

(ಆ) ಬಿಲ್ ವಿವಾದದಲ್ಲಿದ್ದಾಗ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ಪ್ರತಿ ತಿಂಗಳಿಗೆ ಲೆಕ್ಕ ಹಾಕಿದ ಮೊತ್ತ, ಇವುಗಳಲ್ಲಿ ಕಡಿಮೆಯಾದುದನ್ನು ಗ್ರಾಹಕರು ಪ್ರತಿಭಟನೆಯೊಂದಿಗೆ ಠೇವಣಿ ಮಾಡಿದರೆ, ವಿವಾದ ತೀರುವವರೆಗೆ ಸಂಪರ್ಕ ಕಡಿತಗೊಳಿಸುವಂತಿಲ್ಲ. "ಪ್ರತಿಭಟನೆಯೊಂದಿಗೆ" ಎಂಬ ಪದವನ್ನು ಪತ್ರದಲ್ಲಿ ಬರೆಯಲೇಬೇಕು. ನಾನು ಬರೆದ ಅರ್ಜಿಯಲ್ಲಿ ಇಲ್ಲದಿದ್ದುದು ಇದೇ ಪದ.

(ಇ) ಮೊದಲ ಬಾರಿಗೆ ಪಾವತಿಗೆ ಬಂದ ದಿನದಿಂದ ಎರಡು ವರ್ಷ ಕಳೆದ ಬಾಕಿಯನ್ನು, ಬಿಲ್‌ಗಳಲ್ಲಿ ನಿರಂತರವಾಗಿ ತೋರಿಸುತ್ತ ಬಂದಿರದ ಹೊರತು, ವಸೂಲು ಮಾಡುವಂತಿಲ್ಲ. ಆದರೆ ತಪ್ಪಾಗಿ ಕಡಿಮೆ ಬಿಲ್ ಮಾಡಿದ್ದುದು ತಡವಾಗಿ ಪತ್ತೆಯಾದ ಪ್ರಕರಣದಲ್ಲಿ, ಅವಧಿ ಮೀರಿದರೂ ಪೂರಕ ಬೇಡಿಕೆ ಸಲ್ಲಿಸಬಹುದು, ಅದಕ್ಕಾಗಿ ಸಂಪರ್ಕ ಕಡಿತ ಮಾಡುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪು ನೀಡಿದೆ. ಆದುದರಿಂದ "ಎರಡು ವರ್ಷ ಆಯಿತು, ಇನ್ನು ಕಟ್ಟಬೇಕಿಲ್ಲ" ಎಂದು ಗ್ರಾಮಸ್ಥರಿಗೆ ಆತುರದ ಭರವಸೆ ನೀಡಬಾರದು.

ಇದಲ್ಲದೆ, ಮೀಟರಿನ ಬಗ್ಗೆ ದೂರು ಬಂದರೆ 30 ದಿನಗಳೊಳಗೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರದ ವಿದ್ಯುಚ್ಛಕ್ತಿ (ಗ್ರಾಹಕರ ಹಕ್ಕುಗಳು) ನಿಯಮಗಳು, 2020 ತಿಳಿಸುತ್ತವೆ. 2024ರ ತಿದ್ದುಪಡಿಯ ಮೇರೆಗೆ, ಮಾಪನವು ನಿಜವಾದ ಬಳಕೆಗೆ ಹೊಂದುವುದಿಲ್ಲವೆಂಬ ದೂರು ಬಂದಾಗ ಐದು ದಿನಗಳೊಳಗೆ ಹೆಚ್ಚುವರಿ ಮೀಟರ್ ಅಳವಡಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕಾಗಿದೆ.

4. ಮೆಟ್ಟಿಲುಗಳು

ಮೊದಲನೆಯದು: ಕಂಪನಿಯ ಕಚೇರಿ. 1912 ಸಂಖ್ಯೆಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಜೊತೆಗೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಗ್ರಾಮ ವಿದ್ಯುತ್ ಪ್ರತಿನಿಧಿಗೆ ಬಾಯಿಮಾತಿನಲ್ಲಿ ಹೇಳಿದ್ದು, ಜನಸಂಪರ್ಕ ಸಭೆಯಲ್ಲಿ ಎದ್ದು ನಿಂತು ಕೇಳಿದ್ದು ಮುಂದಿನ ಮೆಟ್ಟಿಲಿನಲ್ಲಿ ದಾಖಲೆಯಾಗಿ ನಿಲ್ಲುವುದಿಲ್ಲ.

ಎರಡನೆಯದು: ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಅಧಿನಿಯಮದ 42(5)ನೇ ಪ್ರಕರಣದ ಮೇರೆಗೆ ಇದನ್ನು ಸರಬರಾಜು ಕಂಪನಿಯೇ ಸ್ಥಾಪಿಸಬೇಕು. ದೂರನ್ನು ನಮೂನೆ-ಎ ಯಲ್ಲಿ ಸಲ್ಲಿಸಬೇಕು. ಕುಂದುಕೊರತೆಗಳ ವಿಲೇವಾರಿಗೆ ಸಾಮಾನ್ಯವಾಗಿ ಗರಿಷ್ಠ 45 ದಿನಗಳ ಮಿತಿಯನ್ನು 2020ರ ನಿಯಮಗಳು ಸೂಚಿಸುತ್ತವೆ.

ಮೂರನೆಯದು: ವಿದ್ಯುಚ್ಛಕ್ತಿ ಓಂಬುಡ್ಸ್‌ಮನ್. 42(6)ನೇ ಪ್ರಕರಣದ ಮೇರೆಗೆ ಇವರನ್ನು ನೇಮಿಸುವುದು ಕಂಪನಿಯಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬಿಲ್ ಮಾಡಿದವರಿಗೂ ಬಿಲ್ ಕಟ್ಟುವವರಿಗೂ ಹೊರಗಿನವರಾಗಿ ವಿಚಾರಿಸುವುದೇ ಈ ಪದವಿಯ ಸತ್ವ. ಕಚೇರಿ ಬೆಂಗಳೂರಿನಲ್ಲಿದೆ. ಆಯೋಗದ 2004ರ ವಿನಿಯಮಗಳಂತೆ ವೇದಿಕೆಯ ಆದೇಶ ಕೈಸೇರಿದ 30 ದಿನಗಳೊಳಗೆ ನಮೂನೆ-ಬಿ ಯಲ್ಲಿ ಅಹವಾಲು ಸಲ್ಲಿಸಬೇಕು. ಆದೇಶದ ಲಕೋಟೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವ ಅಭ್ಯಾಸವನ್ನು ಗ್ರಾಹಕರಿಗೆ ಕಲಿಸಿರಿ. ವೇದಿಕೆಗೆ ಹೋಗದೆ ನೇರವಾಗಿ ಓಂಬುಡ್ಸ್‌ಮನ್ ಬಳಿಗೆ ಹೋದರೆ ಮರಳಿ ವೇದಿಕೆಗೇ ಬರಬೇಕಾಗುತ್ತದೆ.

5. ಈ ದಾರಿಗೆ ಸೇರದ ಪ್ರಕರಣಗಳು

ಅನಧಿಕೃತ ಬಳಕೆಯೆಂದು 126ನೇ ಪ್ರಕರಣದಡಿ ಹೊರಡಿಸಿದ ಆದೇಶಗಳು ಮತ್ತು 135ನೇ ಪ್ರಕರಣದ ವಿದ್ಯುತ್ ಕಳವಿನ ಆರೋಪಗಳು ವೇದಿಕೆಯ ವ್ಯಾಪ್ತಿಗೆ ಬರುವುದಿಲ್ಲ. 126ರ ಅಂತಿಮ ಆದೇಶದ ವಿರುದ್ಧ 127ನೇ ಪ್ರಕರಣದಂತೆ 30 ದಿನಗಳೊಳಗೆ, ನಿರ್ಧರಿಸಿದ ಮೊತ್ತದ ಅರ್ಧವನ್ನು ಠೇವಣಿ ಮಾಡಿ, ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಆದುದರಿಂದ ನೋಟಿಸ್ ನೋಡಿದೊಡನೆ ಅದರಲ್ಲಿ ನಮೂದಿಸಿರುವ ಪ್ರಕರಣದ ಸಂಖ್ಯೆಯನ್ನು ಓದಿರಿ. ತಪ್ಪು ಬಾಗಿಲು ತಟ್ಟುತ್ತ ಕುಳಿತರೆ ಸರಿಯಾದ ಬಾಗಿಲಿನ ಅವಧಿ ಮುಗಿದುಹೋಗುತ್ತದೆ. ಆಯೋಗ ನಿಗದಿಪಡಿಸಿದ ದರವೇ ಹೆಚ್ಚಾಯಿತೆಂಬ ದೂರನ್ನೂ ಇಲ್ಲಿ ಒಯ್ಯುವಂತಿಲ್ಲ.

6. ಪ್ರಕರಣದ ಮುಂದಿನ ಭಾಗ

ನೋಟಿಸ್ ಇಲ್ಲದ ಕಡಿತವನ್ನೂ, ಆಕೆ ಕಟ್ಟಿದ್ದ 2,000 ರೂಪಾಯಿ ಸರಾಸರಿ ಲೆಕ್ಕದ ಮೊತ್ತಕ್ಕಿಂತ ಹೆಚ್ಚೆಂಬುದನ್ನೂ ತಿಳಿಸಿ ಪತ್ರ ಕೊಟ್ಟೆವು. ಮರುದಿನ ಸಂಜೆ ಸಂಪರ್ಕ ಮರಳಿತು. ಬಿಲ್ ಮಾತ್ರ ಹಾಗೆಯೇ ಉಳಿಯಿತು. ವೇದಿಕೆಯಲ್ಲಿ ಕಂತಿನ ಅರ್ಜಿಯನ್ನೇ ಮುಂದಿಟ್ಟು, ಗ್ರಾಹಕರು ಬಾಕಿಯನ್ನು ಒಪ್ಪಿಕೊಂಡಿದ್ದಾರೆ ಎಂದು ವಾದಿಸಲಾಯಿತು. ನನ್ನ ಕೈಬರಹ ಆಕೆಯ ವಿರುದ್ಧದ ಸಾಕ್ಷ್ಯವಾಗಿತ್ತು. ವೇದಿಕೆ ಬಿಲ್ಲನ್ನು ಅರ್ಧಕ್ಕೆ ಇಳಿಸಿತು. ಅಷ್ಟಕ್ಕೆ ಒಪ್ಪಿಕೊಳ್ಳೋಣವೆಂದು ಆಕೆಯ ಮನಸ್ಸು. ವಾರ್ಡಿನ ಸದಸ್ಯೆ ಒಪ್ಪಲಿಲ್ಲ: "ಉರಿಸದ ದೀಪಕ್ಕೆ ಅರ್ಧ ದುಡ್ಡಾದರೂ ಯಾಕೆ ಕೊಡಬೇಕು?"

ಆದೇಶ ಕೈಸೇರಿದ 22ನೇ ದಿನ ಓಂಬುಡ್ಸ್‌ಮನ್ ಅವರಿಗೆ ಅಹವಾಲು ಹೋಯಿತು. ಅದರೊಂದಿಗೆ ಹಿಂದಿನ ಹನ್ನೆರಡು ಬಿಲ್, ಹೊಸ ಮೀಟರಿನ ಮೂರು ತಿಂಗಳ ಬಳಕೆ (38, 41, 40 ಯೂನಿಟ್), ಮೇಲಿನ ಲೆಕ್ಕದ ಒಂದು ಪುಟ, ಮತ್ತು ಕಂತಿನ ಅರ್ಜಿಯನ್ನು ಬರೆದವನು ನಾನೇ, ಮಾಪನದ ವಿವಾದವನ್ನು ಆಕೆಗೆ ತಿಳಿಸದೆ ಬರೆದೆ ಎಂಬ ನನ್ನ ಹೇಳಿಕೆ. ಕಂಪನಿಯ ಬಳಿ ಹಳೆಯ ಮೀಟರಿನ ಪರೀಕ್ಷಾ ವರದಿ ಇರಲಿಲ್ಲ. ಆ ತಿಂಗಳಿಗೆ ಸರಾಸರಿಯಂತೆ ಹೊಸ ಬಿಲ್ ನೀಡಿ, ಹೆಚ್ಚು ಕಟ್ಟಿದ ಹಣವನ್ನು ಮುಂದಿನ ಬಿಲ್‌ಗಳಿಗೆ ಹೊಂದಿಸಬೇಕೆಂದು ಆದೇಶವಾಯಿತು. ಆದೇಶ ಬರುವ ವೇಳೆಗೆ ಮೊಮ್ಮಗಳು ಕಾಲೇಜು ಸೇರಿದ್ದಳು.

7. ಸದಸ್ಯರು ಮಾಡಬಹುದಾದ ಕೆಲಸ

(1) ಮೀಟರ್ ಬದಲಿಸುವಾಗ ಹಳೆಯ ಮೀಟರಿನ ಅಂತಿಮ ಮಾಪನವನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದು, ಸಿಬ್ಬಂದಿಯ ಸಹಿ ಪಡೆಯಲು ಮನೆಯವರಿಗೆ ತಿಳಿಸುವುದು.

(2) ಗ್ರಾಮ ಸಭೆಯಲ್ಲಿ ನಮೂನೆ-ಎ ಮತ್ತು ನಮೂನೆ-ಬಿ ಯ ಖಾಲಿ ಪ್ರತಿಗಳನ್ನು ಇಡುವುದು.

(3) ದೂರಿನಲ್ಲಿ ಆರ್.ಆರ್. ಸಂಖ್ಯೆ, ಬಿಲ್ ದಿನಾಂಕ, ವಿವಾದಿತ ಮೊತ್ತ ಮತ್ತು ಕೋರುವ ಪರಿಹಾರ ಸ್ಪಷ್ಟವಾಗಿವೆಯೇ ಎಂದು ನೋಡುವುದು.

(4) ಗೃಹಜ್ಯೋತಿ ಫಲಾನುಭವಿಗಳ ಬಿಲ್ ಬಗ್ಗೆ ವಿಶೇಷ ಎಚ್ಚರ ವಹಿಸುವುದು. ತಪ್ಪು ಮಾಪನದಿಂದ ಬಳಕೆ 200 ಯೂನಿಟ್ ಮೀರಿದಂತೆ ತೋರಿದರೆ ಆ ತಿಂಗಳ ಪೂರ್ಣ ಬಿಲ್ ಕುಟುಂಬದ ಮೇಲೆ ಬೀಳುತ್ತದೆ.

(5) ಪಂಚಾಯಿತಿಯೂ ಗ್ರಾಹಕ ಎಂಬುದನ್ನು ನೆನಪಿಡುವುದು. ಬೀದಿ ದೀಪ ಮತ್ತು ನೀರು ಸರಬರಾಜು ಸ್ಥಾವರಗಳ ಬಿಲ್‌ಗಳನ್ನೂ ಇದೇ ರೀತಿ ಪರಿಶೀಲಿಸುವುದು.

8. ಚರ್ಚೆಗೆ

ನಿಮ್ಮ ವಾರ್ಡಿನ ಒಂದು ಮನೆಯ ಕಳೆದ ಮೂರು ಬಿಲ್‌ಗಳನ್ನು ತೆಗೆದುಕೊಂಡು, ಅಲ್ಲಿನ ಉಪಕರಣಗಳ ಲೆಕ್ಕದೊಂದಿಗೆ ತಾಳೆ ಹಾಕಿರಿ. ವ್ಯತ್ಯಾಸ ಕಂಡರೆ ಮುಂದಿನ ಸಾಮಾನ್ಯ ಸಭೆಗೆ ತನ್ನಿರಿ. ನೊಂದವರು ಬಂದಾಗ ಕಟ್ಟಿಬಿಡಿ ಎನ್ನುವ ಮೊದಲು ಮಾಪನ ಎಷ್ಟು, ನೋಟಿಸ್ ಎಲ್ಲಿದೆ, ದಿನಾಂಕ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ಕೋರುತ್ತೇನೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ